ಹನ್ನೆರಡಾಣೆ ಟೆರಿಲಿನ್

ನಾಲ್ಕೂವರೆ ರೂಪಾಯಿ. ಈ ಬಟ್ಟೆಯ ಪಟ್ಟಿಗೆ ನಾನು ಕೊಟ್ಟ ಬೆಲೆ ಅದು. ಅದೂ ಈಗಿನ ನಾಲ್ಕೂವರೆ ರೂಪಾಯಿ ಅಲ್ಲ, ಅರವತ್ತರ ದಶಕದ್ದು. ಆಗ ಆ ದುಡ್ಡಿಗೆ ಮನೆಗೆ ವಾರದ ತರಕಾರಿ ಬಂದು, ಮೇಲೆ ವೀಳ್ಯದೆಲೆಗೂ ಚಿಲ್ಲರೆ ಉಳಿಯುತ್ತಿತ್ತು. ಪಟ್ಟಿಯಾದರೂ ಎಂಥದು? ನೀಲಿ ಟೆರಿಲಿನ್. ಉದ್ದ ಥಾನಿನ ಅಗಲದಷ್ಟು, ಅಗಲ ಅರ್ಧ ಗೇಣಿಗೆ ಒಂದು ಬೆರಳು ಹೆಚ್ಚು. ಇದರಲ್ಲಿ ರವಿಕೆ ಆಗುವುದಿಲ್ಲ, ಚೀಲ ಆಗುವುದಿಲ್ಲ. ನೀರು ಹೀರದ ಬಟ್ಟೆಯಾದ್ದರಿಂದ ಮೇಜು ಒರೆಸುವುದಕ್ಕೂ ಬಾರದು.

ಅದೇ ಅಂಗಡಿಯಲ್ಲಿ ಅದೇ ದುಡ್ಡಿಗೆ ಇದೇ ಬಟ್ಟೆ ಪೂರ್ತಿ ಒಂದು ಮೀಟರ್ ಸಿಗುತ್ತಿತ್ತು. ಸಿಕ್ಕಿತು ಕೂಡ. ಆದರೆ ಕೊನೆಗೆ ನನ್ನ ಪಾಲಿಗೆ ಬಂದದ್ದು ಈ ಪಟ್ಟಿ ಮಾತ್ರ. ಏಕೆಂದರೆ ನನ್ನ ಅತ್ತೆ ಲೆಕ್ಕದಲ್ಲಿ ಸೋತರೂ ಬಟ್ಟೆಯಲ್ಲಿ ಸೋಲುವ ಹೆಂಗಸಲ್ಲ.

ಮೊನ್ನೆ ಹೊಲಿಗೆ ಮಿಷನ್ನಿನ ಡ್ರಾಯರ್ ಚೊಕ್ಕಟ ಮಾಡುತ್ತಿದ್ದ ನನ್ನ ಸೊಸೆ ಇದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಬಿಸಾಡ್ಲಾ ಅತ್ತೆ?" ಎಂದಳು. "ಬಿಸಾಡು, ಮೊದ್ಲು ನಾಲ್ಕೂವರೆ ರೂಪಾಯಿ ಇಲ್ಲಿಡು" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ. ನಷ್ಟದ ವ್ಯಾಪಾರ ನಾನು ಜೀವನದಲ್ಲಿ ಮಾಡಿದ್ದೇ ಕಡಿಮೆ. ಮಾಡಿದ್ದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ನಾನು ಸೀರೆ ವ್ಯಾಪಾರದವಳು. ಶುರುವಿನಲ್ಲಿ ಅಂಗಡಿ ಗಿಂಗಡಿ ಇರಲಿಲ್ಲ. ಸಾಗರದಲ್ಲಿ ಸಗಟಿಗೆ ಸೀರೆ ಹಿಡಿದು, ಗಂಟು ಕಟ್ಟಿ, ಬಸ್ಸಿನ ಟಾಪಿಗೆ ಹಾಕಿಸಿ, ಹೊಸನಗರ ತೀರ್ಥಹಳ್ಳಿ ಕಡೆಯ ಮನೆಮನೆಗೆ ಹೊತ್ತು ಮಾರುತ್ತಿದ್ದೆ. ಕಂಡಕ್ಟರ್ ಲಗೇಜಿನ ದುಡ್ಡು ಕೇಳಿದರೆ, ಅವನ ಹೆಂಡತಿಗೆ ಯಾವ ಬಣ್ಣ ಒಪ್ಪುತ್ತದೆಂದು ವಿಚಾರಿಸಲು ಶುರುಮಾಡುತ್ತಿದ್ದೆ. ದಾರಿಯ ಬಟ್ಟೆಮಲ್ಲಪ್ಪ ಊರು ದಾಟುವಷ್ಟರಲ್ಲಿ ಲಗೇಜಿನ ಮಾತು ಮರೆತುಹೋಗಿ, ಅವನೇ ಒಂದು ಸೀರೆಗೆ ಮುಂಗಡ ಕೊಟ್ಟಿರುತ್ತಿದ್ದ. ಸಾಗರದ ಸಂತೆಯಲ್ಲಿ ಈಗಲೂ ನಾನು ಬರುವುದು ಕಂಡರೆ ಬದನೆಕಾಯಿಯವರು ಬೆಲೆಯನ್ನು ಒಂದು ಮೆಟ್ಟಿಲು ಮೇಲಿಟ್ಟುಕೊಳ್ಳುತ್ತಾರೆ, ಇಳಿಯುವುದಕ್ಕೆ ಜಾಗ ಇರಲಿ ಅಂತ.

ಮದುವೆಯಾಗಿ ಹೊಸನಗರಕ್ಕೆ ಬಂದ ಹೊಸತು. ಯಜಮಾನರು ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸಕ್ಕೆ ಲಾರಿ ಹೊಡೆಯುತ್ತಿದ್ದರು. ಭಾನುವಾರ ಬಂದರೆ ಬಂದರು. ವಾರವೆಲ್ಲ ಮನೆಯಲ್ಲಿ ನಾನು, ಅತ್ತೆ, ಮಾವ. ಅತ್ತೆ ಎಂದ ಕೂಡಲೇ ತಲೆ ನರೆತ ಮುದುಕಿಯನ್ನು ಊಹಿಸಬೇಡಿ. ಹದಿನೈದಕ್ಕೆ ಮದುವೆಯಾದವರು, ನಾನು ಹೋದಾಗ ನಲವತ್ತು ತುಂಬಿರಲಿಲ್ಲ. ಹೆಸರು ಭಾಗೀರಥಿ. ಕೈಮಿಷನ್ನಿನಲ್ಲಿ ಊರಿನ ಅರ್ಧ ಹೆಂಗಸರ ರವಿಕೆ ಹೊಲಿದವರು. ಉಳಿದ ಅರ್ಧದವರ ರವಿಕೆಗೆ ಕೊಂಕು ಹೇಳಿದವರು. ಮಹಿಳಾ ಸಮಾಜದಲ್ಲಿ ಹುಡುಗಿಯರಿಗೆ ಹೊಲಿಗೆಯನ್ನೂ ಕಲಿಸುತ್ತಿದ್ದರು. ಆ ಕ್ಲಾಸು ಕಟ್ಟಿದ್ದೇ ಅವರು. ಮನೆಯಿಂದ ಹೊರಗೆ, ಹತ್ತು ಜನ ತಮ್ಮನ್ನು "ಟೀಚರೇ" ಎಂದು ಕರೆಯುವ ಜಾಗ ಅವರಿಗೆ ಅದೊಂದೇ ಇತ್ತು.

ಆ ಕೆಲಸಕ್ಕೆ ಸಂಬಳದ ಹುದ್ದೆ ಮಂಜೂರಾದಾಗ ತಾಪತ್ರಯ ಬಂತು. ಶಿಕ್ಷಕಿ ಏಳನೇ ಕ್ಲಾಸು ಪಾಸಾಗಿರಬೇಕು. ಅತ್ತೆ ನಾಲ್ಕಕ್ಕೆ ಬಿಟ್ಟವರು. ಖಾಸಗಿಯಾಗಿ ಪರೀಕ್ಷೆ ಕಟ್ಟಿದರು. ಕನ್ನಡ ಪಾಸು, ಸಮಾಜ ಪಾಸು, ಲೆಕ್ಕದಲ್ಲಿ ಹದಿನೆಂಟು. ಪಾಸಿಗೆ ಮೂವತ್ತೈದು ಬೇಕು. ಮಹಿಳಾ ಸಮಾಜದ ಅಧ್ಯಕ್ಷಿಣಿ ಮನೆಗೆ ಬಂದು, "ಇನ್ನೊಂದು ಪರೀಕ್ಷೆವರೆಗೆ ಹೇಗೋ ತಡೀತೀನಿ ಭಾಗೀರಥಮ್ಮ. ಆಮೇಲೆ ಶಿವಮೊಗ್ಗದಿಂದ ಯಾರನ್ನ ಕಳಿಸ್ತಾರೋ ಅವರೇ ಟೀಚರು" ಎಂದು ಹೇಳಿ, ಕಾಫಿ ಕುಡಿದು ಹೋದರು. ಅತ್ತೆ ಆ ಲೋಟ ತೊಳೆಯುವಾಗ ಮಾಡಿದ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ನಾನು ಎಸ್ಸೆಸ್ಸೆಲ್ಸಿ. ಪಾಠ ಹೇಳಿಕೊಡುವ ಜವಾಬ್ದಾರಿ ನನ್ನ ತಲೆಗೆ ಬಂತು. ಅತ್ತೆಗೆ ಪಾಠ ಹೇಳುವ ಸೊಸೆ! ಹೊಸ ಸೊಸೆಯಂದಿರು ದಯವಿಟ್ಟು ಇಂಥ ಕೆಲಸ ಒಪ್ಪಿಕೊಳ್ಳಬೇಡಿ. ಒಪ್ಪಿಕೊಂಡರೆ ಅಡುಗೆಮನೆಯಲ್ಲಿ ಮಾತ್ರ ಪಾಠ ಮಾಡಿ. ಜಗುಲಿಯಲ್ಲಿ ಮಾಡಿದರೆ ಮಾವನವರೂ ಕ್ಲಾಸಿಗೆ ಸೇರುತ್ತಾರೆ. ನಮ್ಮ ಮಾವ ಪುಸ್ತಕ ಮುಟ್ಟದೆ, ಆರಾಮ ಕುರ್ಚಿಯಲ್ಲಿ ಮಲಗಿಯೇ ಹಾಜರಿ ಹಾಕುತ್ತಿದ್ದರು.

ಮೊದಲ ದಿನವೇ ಪುಸ್ತಕ ತೆರೆದೆ. "ಕೆಳಗಿನ ದಶಮಾಂಶಗಳನ್ನು ಭಿನ್ನರಾಶಿಗೆ ತಿರುಗಿಸಿ, ಅತಿ ಸುಲಭ ರೂಪಕ್ಕೆ ತನ್ನಿ." ಅತ್ತೆ ಸ್ಲೇಟು ಎಳೆದುಕೊಂಡರು. 0.4 ಎಂದರೆ ಕಾಲು ಎಂದು ಬರೆದರು. 0.8 ಎಂದರೆ ಅರ್ಧ. 0.12 ಎಂದರೆ ಮುಕ್ಕಾಲು. ಒಂದು ಕ್ಷಣವೂ ಯೋಚಿಸಲಿಲ್ಲ. ಗುಂಡಿ ಹೊಲಿಯುವ ವೇಗ. ಮುಂದಿನದು 0.25. ಅದರ ಎದುರು ದೊಡ್ಡದಾಗಿ ಗೀಟು ಎಳೆದು, ಸ್ಲೇಟನ್ನು ನನ್ನ ಕಡೆ ತಳ್ಳಿದರು.

"ಇದನ್ನ ಯಾಕೆ ಬಿಟ್ರಿ ಅತ್ತೆ?"

"ಪ್ರಶ್ನೆ ತಪ್ಪು. ಪರೀಕ್ಷೆಲೂ ಹಿಂಗೇ ಬಂದಿತ್ತು. 'ಪ್ರಶ್ನೆ ತಪ್ಪಾಗಿದೆ' ಅಂತ ಬರೆದು ಬಂದೆ."

"ಅಯ್ಯೋ! ಹಾಗೆ ಬರೆದ್ರಾ?"

"ಮತ್ತೆ? ಇಪ್ಪತ್ತೈದು ಹೆಂಗಾಗುತ್ತೆ ಹೇಳು ಮಾರಾಯ್ತಿ? ಹದಿನಾರಾದ ಕೂಡ್ಲೆ ಒಂದಾಯ್ತಲ್ಲ. ಬಿಂದುವಿನ ಈಚೆ ಹದಿನೈದಕ್ಕಿಂತ ಮೇಲೆ ಹೋಗೋಕೆ ಜಾಗ ಎಲ್ಲಿದೆ?"

ನಾನು ಸ್ಲೇಟು ನೋಡಿದೆ. ಮತ್ತೆ ಅತ್ತೆಯ ಮುಖ ನೋಡಿದೆ. ಮೆಲ್ಲನೆ ಹೊಳೆಯಿತು. ಅವರು ಓದಿದ್ದು ರೂಪಾಯಿಗೆ ಹದಿನಾರಾಣೆಯ ಕಾಲದಲ್ಲಿ. ಎರಡು ರೂಪಾಯಿ ಎಂಟಾಣೆಯನ್ನು ಎರಡು, ಒಂದು ಅಡ್ಡಗೀಟು, ಎಂಟು ಎಂದು ಬರೆಯುತ್ತಿದ್ದ ಕಾಲ. ಆ ಗೀಟಿನ ಜಾಗದಲ್ಲಿ ಬಿಂದು ಕಂಡಾಗ ಇದೂ ಅದೇ ಎಂದುಕೊಂಡಿದ್ದಾರೆ. ನಾಲ್ಕಾಣೆ ಎಂದರೆ ಕಾಲು, ಎಂಟಾಣೆ ಅರ್ಧ, ಹನ್ನೆರಡಾಣೆ ಮುಕ್ಕಾಲು. ಹದಿನಾರರ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಎಲ್ಲವೂ ಅತಿ ಸುಲಭ ರೂಪದಲ್ಲೇ ಇವೆ!

ಅವರನ್ನು ಬೈಯುವ ಹಾಗೂ ಇಲ್ಲ. ನಾನು ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರದ ಮೇಳಿಗೆಯಲ್ಲಿ. ಅಲ್ಲಿ ನಾವೂ ಸಂಜೆ ದೀಪ ಹಚ್ಚಿದ ಮೇಲೆ "ಕಾಲೊಂದ್ಲ ಕಾಲು, ಕಾಲೆರಡ್ಲ ಅರ್ಧ, ಕಾಲ್ಮೂರ್ಲ ಮುಕ್ಕಾಲು, ಕಾಲ್ನಾಕ್ಲ ಒಂದು" ಎಂದು ತೂಗುತ್ತ ಮಗ್ಗಿ ಹೇಳಿದವರೇ. ಕಾಲಿನ ಮಗ್ಗಿ ಹೇಳುವಾಗ ನನ್ನ ತಮ್ಮ ತನ್ನ ಕಾಲನ್ನು ಎತ್ತಿ ಎತ್ತಿ ತೋರಿಸಿ ಅಜ್ಜಿಯಿಂದ ಪೆಟ್ಟು ತಿನ್ನುತ್ತಿದ್ದ. ಅಜ್ಜಿಯ ಲೋಕವೆಲ್ಲ ಅರ್ಧದ ಅರ್ಧದ ಅರ್ಧ. ಸೇರು, ಅಚ್ಚೇರು, ಪಾವು, ಅರೆಪಾವು. ಹಲಸಿನ ಹಣ್ಣು ಕೊಯ್ದರೂ ಹಾಗೆಯೇ: ಮೊದಲು ಎರಡು ಹೋಳು, ಆಮೇಲೆ ನಾಲ್ಕು, ಆಮೇಲೆ ಎಂಟು. ಬೆಳೆ ಹೇಗಿದೆ ಎಂದು ಕೇಳಿದರೆ "ಹನ್ನೆರಡಾಣೆ" ಎನ್ನುತ್ತಿದ್ದರು. ಕಾಯಿಲೆಯವರು ಹೇಗಿದ್ದಾರೆ ಎಂದರೆ "ಎಂಟಾಣೆ ಗುಣ" ಎನ್ನುತ್ತಿದ್ದರು. ಇಂಥ ಲೋಕಕ್ಕೆ ಒಂದು ಬೆಳಿಗ್ಗೆ ಸರ್ಕಾರ ಹತ್ತನ್ನು ತಂದು ಇಳಿಸಿತು.

ಇರಲಿ. ನಾನು ವ್ಯಾಪಾರದವಳಲ್ಲವೆ, ದುಡ್ಡಿನಿಂದ ಶುರುಮಾಡಿದೆ. "ಈಗ ರೂಪಾಯಿಗೆ ನೂರು ಪೈಸೆ ಅಲ್ವಾ ಅತ್ತೆ? ಇಪ್ಪತ್ತೈದು ಪೈಸೆ ಅಂದ್ರೆ ನಾಲ್ಕಾಣೆ. ಹಾಗಾದ್ರೆ 0.25 ಅಂದ್ರೆ?"

"ದುಡ್ಡು ಬೇರೆ, ಲೆಕ್ಕ ಬೇರೆ" ಎಂದರು ಅತ್ತೆ. "ಸರ್ಕಾರ ಬದಲಾಯಿಸಿದ್ದು ಪೈಸೇನ. ಲೆಕ್ಕ ಬದಲಾಯಿಸೋಕೆ ಅವರ್ಯಾರು?"

"ಇವಳೇ, ನೀನು ಪ್ರಧಾನಮಂತ್ರಿಗೆ ಒಂದು ಕಾಗದ ಹಾಕು" ಎಂದರು ಮಾವ, ಕಣ್ಣು ತೆರೆಯದೆ.

"ನೀವು ಸುಮ್ನಿರಿ. ನಿಮ್ಮನ್ನ ಯಾರೂ ಪರೀಕ್ಷೆಗೆ ಕರೀಲಿಲ್ಲ."

ನಾನು ಕೆಳಗೆ ನೂರು ಇಟ್ಟು ತೋರಿಸಿದೆ. ಹತ್ತು ಗೆರೆ ಎಳೆದು ತೋರಿಸಿದೆ. ಅತ್ತೆ ಎಲ್ಲವನ್ನೂ ಅನುಕಂಪದಿಂದ ನೋಡಿದರು, ಪಾಪ ಈ ಹುಡುಗಿಗೆ ಲೆಕ್ಕ ಬರುವುದಿಲ್ಲ ಎನ್ನುವ ಹಾಗೆ. ಸ್ಲೇಟಿನ ಮೇಲೆ ಎಳೆದ ಗೆರೆಯನ್ನು ಅವರು ನಂಬುವವರಲ್ಲ. ಅವರು ನಂಬುವುದು ಬಟ್ಟೆಯನ್ನು. ಅದು ನನಗೆ ಹೊಳೆದದ್ದೇ ತಡ, ಪಂಥ ಕಟ್ಟಿದೆ.

"ನಾಡಿದ್ದು ಸೀರೆ ಹಿಡಿಯೋಕೆ ಸಾಗರಕ್ಕೆ ಹೋಗ್ತೀನಿ. ನೀವೂ ಬನ್ನಿ. ನಿಮಗೆ 0.12 ಮೀಟರ್ ಬಟ್ಟೆ, ನನಗೆ 0.8 ಮೀಟರ್. ಯಾರದ್ದು ದೊಡ್ಡದು ನೋಡೇ ಬಿಡೋಣ. ದುಡ್ಡು ನನ್ನದು."

"ಯಾವ ಬಟ್ಟೆ ಬೇಕಾದ್ರೂ?"

"ಯಾವುದು ಬೇಕಾದ್ರೂ."

"ನೀನು ಸೋತ್ರೆ ನನ್ನ ಹತ್ರ ಅಳಬಾರದು" ಎಂದರು ಅತ್ತೆ, ಆಗಲೇ ರವಿಕೆಯ ತೋಳಿನ ಅಳತೆ ಯೋಚಿಸುತ್ತ.

ಸಾಗರದ ಜವಳಿ ಅಂಗಡಿಯ ಶೇಷಪ್ಪನವರು ನನ್ನ ಖಾಯಂ ವ್ಯಾಪಾರಿ. ಅವರ ಅಂಗಡಿಯಲ್ಲಿ ಅತ್ತೆ ಪಾಪ್ಲಿನ್ ಕಡೆ ತಿರುಗಿಯೂ ನೋಡಲಿಲ್ಲ. ಆಗ ಟೆರಿಲಿನ್ ಎಂದರೆ ಊರಲ್ಲಿ ಡಾಕ್ಟರ ಹೆಂಡತಿ ಉಡುವಂಥದ್ದು. ಸೀದಾ ಅದರ ಮುಂದೆ ಹೋಗಿ ನಿಂತು, ನೀಲಿ ಬಣ್ಣದ್ದೊಂದು ತುಂಡನ್ನು ಮುಟ್ಟಿ, ಉಜ್ಜಿ, ಬೆಳಕಿಗೆ ಹಿಡಿದು, "ಇದು" ಎಂದರು.

"ಅದು ಥಾನಲ್ಲ ಅಮ್ಮಾ, ಉಳಿಕೆ ತುಂಡು. ಸರಿಯಾಗಿ ಒಂದು ಮೀಟರ್ ಇದೆ. ಪೂರಾ ತಗೊಂಡ್ರೆ ಮಾತ್ರ ಕೊಡ್ತೀನಿ. ಆರು ರೂಪಾಯಿ."

ಆರು ಎಂದರೆ ನಾನು ಬಿಡುತ್ತೇನೆಯೆ? ಉಳಿಕೆ ತುಂಡಿಗೆ ಥಾನಿನ ಬೆಲೆ ಯಾವ ಊರಲ್ಲಿದೆ ಎಂದೆ. ಅಂಚಿನಲ್ಲಿ ಬಣ್ಣ ಮಾಸಿದೆ ಎಂದೆ. ಮಾಸಿರಲಿಲ್ಲ. ಎದ್ದು ಬಾಗಿಲವರೆಗೂ ಹೋಗಿ ಬಂದೆ. ನಾಲ್ಕೂವರೆಗೆ ಇಳಿಯಿತು. ಇನ್ನೊಂದು ನಾಲ್ಕಾಣೆ ಇಳಿಯುವ ಲಕ್ಷಣ ಅವರ ಹುಬ್ಬಿನಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ಅತ್ತೆ ನನ್ನ ಸೆರಗು ಎಳೆದರು.

"ಸಾಕು ಬಿಡೆ ವಿಶಾಲು. ನಿಂಬೆಹಣ್ಣನ್ನ ಕೊನೇ ಹನಿವರೆಗೂ ಹಿಂಡಿದ್ರೆ ಕಹಿಯಾಗುತ್ತೆ."

ಬಿಟ್ಟೆ. ಶೇಷಪ್ಪನವರು ಕತ್ತರಿ ತೆಗೆದರು. ಅತ್ತೆ ಗಂಟಲು ಸರಿಮಾಡಿಕೊಂಡು, ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದರು: "ನನಗೆ ಪಾಯಿಂಟ್ ಹನ್ನೆರಡು ಮೀಟರ್ ಕತ್ತರಿಸಿ. ಈ ಹುಡುಗಿಗೆ ಪಾಯಿಂಟ್ ಎಂಟು ಸಾಕು."

"ಪಾಯಿಂಟ್ ಹನ್ನೆರಡಾ?" ಶೇಷಪ್ಪನವರು ನನ್ನ ಕಡೆ ನೋಡಿದರು. ನಾನು ಚಾವಣಿ ನೋಡಿದೆ. "ಬೊಂಬೆಗಾ ಅಮ್ಮಾ?"

"ಬೊಂಬೆಗೆ ಯಾಕೆ? ನನಗೆ, ರವಿಕೆಗೆ."

ಶೇಷಪ್ಪನವರು ಕಬ್ಬಿಣದ ಮೀಟರ್ ಕೋಲನ್ನು ಬಟ್ಟೆಯ ಮೇಲಿಟ್ಟು, ತುದಿಯಲ್ಲೇ ಗುರುತು ಮಾಡಿ, ಕಚಕ್ ಎಂದು ಕತ್ತರಿಸಿದರು. ಈ ಪಟ್ಟಿ ಅತ್ತೆಯ ಕೈಗೆ ಬಂತು.

"ಇದೆಂತದು?"

"ನೀವು ಕೇಳಿದ್ದು ಅಮ್ಮಾ. ಪಾಯಿಂಟ್ ಹನ್ನೆರಡು."

"ಕೋಲು ಸರಿ ಇದ್ಯೇನ್ರೀ?"

"ಸರ್ಕಾರದ ಮುದ್ರೆ ಇದೆ, ನೋಡಿ."

ಅಷ್ಟರಲ್ಲಿ ನನ್ನ 0.8 ಮೀಟರ್ ಕತ್ತರಿಸಿ ಆಗಿತ್ತು. ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಕೋಲಿನ ಉದ್ದಕ್ಕೆ ಹಾಸಿದರು. ಅರ್ಧಕ್ಕೆ ನಿಲ್ಲಬೇಕಿದ್ದ ಬಟ್ಟೆ ಮುಕ್ಕಾಲನ್ನೂ ದಾಟಿ ಹೋಯಿತು. ಅವರು ಕೋಲಿನ ಮೇಲೆ ಬಗ್ಗಿದರು. ಬೆರಳಿನಿಂದ ಒಂದೊಂದೇ ಗೆರೆ ಮುಟ್ಟಿದರು.

"ಇದಕ್ಕೆ ಎಷ್ಟು ಗೆರೆ?"

"ದೊಡ್ಡವು ಹತ್ತು. ಸಣ್ಣವು ನೂರು."

"ಹದಿನಾರು ಯಾಕಿಲ್ಲ?"

"ಹದಿನಾರು ಗಜದ ಜೊತೆಗೇ ಹೋಯ್ತಮ್ಮಾ" ಎಂದರು ಶೇಷಪ್ಪನವರು, ಯಾರೋ ತೀರಿಕೊಂಡ ಸುದ್ದಿ ಹೇಳುವ ಧ್ವನಿಯಲ್ಲಿ.

ಅತ್ತೆಯ ಮುಖ ಸಣ್ಣದಾಯಿತು. "ಹಂಗಾದ್ರೆ ಪರೀಕ್ಷೆಲಿ ನಾನು ಬರೆದದ್ದೆಲ್ಲ…" ಎಂದು ನಿಲ್ಲಿಸಿದರು. ಗೆದ್ದವಳು ನಾನು. ಆದರೆ ಆ ಗಳಿಗೆಯಲ್ಲಿ ಗೆಲುವಿಗೆ ಯಾರಾದರೂ ಎರಡಾಣೆ ಕೊಟ್ಟಿದ್ದರೂ ಮಾರಿಬಿಡುತ್ತಿದ್ದೆ. ಅವರು ಮಾತ್ರ ಬೇಗನೆ ಚೇತರಿಸಿಕೊಂಡರು. ದೊಡ್ಡ ತುಂಡನ್ನು ನೀಟಾಗಿ ಮಡಚಿ ತಮ್ಮ ಚೀಲಕ್ಕೆ ಹಾಕಿ, ಪಟ್ಟಿಯನ್ನು ನನ್ನ ಹೆಗಲ ಮೇಲೆ ಹಾಕಿದರು.

"ದೊಡ್ಡದು ನನಗಿರಲಿ. ಸೋತವಳಿಗೆ ಸಮಾಧಾನಕ್ಕೆ ಎಂತಾದ್ರೂ ಬೇಕಲ್ಲ."

ಎರಡೂ ಕತ್ತರಿಸಿ ಉಳಿದ ಇನ್ನೊಂದು ಚಿಕ್ಕ ಪಟ್ಟಿಯನ್ನು ಮಾವನವರ ಕನ್ನಡಕ ಒರೆಸಲು ಒಯ್ದೆವು. ಒರೆಸಿದಷ್ಟೂ ಮಬ್ಬಾಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತ, ತಮ್ಮಷ್ಟಕ್ಕೇ ಎಂಬಂತೆ, "ಹದಿನಾರು ಚೆನ್ನಾಗಿತ್ತು ಕಣೆ" ಎಂದರು. "ಅರ್ಧ ಮಾಡ್ತಾ ಹೋದ್ರೆ ಎಂಟು, ನಾಕು, ಎರಡು, ಒಂದು. ಜಗಳ ಇಲ್ದೆ ಮನೆಗೆ ಬಂದು ಮುಟ್ಟುತ್ತೆ. ಈ ಹತ್ತು ನೋಡು, ಒಂದು ಸಲ ಅರ್ಧ ಮಾಡಿದ್ರೆ ಐದು. ಇನ್ನೊಂದು ಸಲ ಮಾಡೋಕೆ ಹೋದ್ರೆ ಮುರಿದೇ ಹೋಗುತ್ತೆ. ಯಾರು ಆರಿಸಿದ್ರೋ ಈ ಹತ್ತನ್ನ."

ಇಷ್ಟು ವರ್ಷ ಮೀಟರಿನಲ್ಲೇ ವ್ಯಾಪಾರ ಮಾಡಿದ್ದೇನೆ, ಯಾರು ಆರಿಸಿದರೆಂದು ಈಗಲೂ ಗೊತ್ತಿಲ್ಲ.

ಮರುದಿನದಿಂದ ಅತ್ತೆ ಬಿಂದುವಿಗೆ ಕೆಳಗೆ ಹತ್ತು, ನೂರು, ಸಾವಿರ ಇಡಲು ಶುರುಮಾಡಿದರು. ಗೆದ್ದೆ ಎಂದುಕೊಂಡೆ. ಗೆದ್ದಿರಲಿಲ್ಲ. 0.75 ಕೊಟ್ಟೆ. ನೂರಕ್ಕೆ ಎಪ್ಪತ್ತೈದು ಎಂದು ಬರೆದರು. ಐದರಿಂದ ಭಾಗಿಸಿ ಇಪ್ಪತ್ತಕ್ಕೆ ಹದಿನೈದು ಮಾಡಿದರು. ಬಳಪ ಕೆಳಗಿಟ್ಟರು.

"ಇನ್ನೂ ಇಳಿಯುತ್ತೆ ಅತ್ತೆ."

"ಇಳಿಯುತ್ತೆ ಅಂತ ಗೊತ್ತು. ಇಳಿಸಲ್ಲ."

"ಯಾಕೆ?"

"ಇಷ್ಟು ಇಳಿಸಿದ್ದೇ ಸಾಕು. ನಿನ್ನ ಹಂಗೆ ಕೊನೇ ಕಾಸಿನವರೆಗೆ ಹಿಂಡೋದು ನನಗಾಗಲ್ಲ."

ನನಗೆ ಉರಿಯಿತು. ಆದರೂ ತಾಳ್ಮೆಯಿಂದ ಹೇಳಿದೆ. ಅಂಗಡಿಯಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರಿಗೆ ಲಾಭ. ಇಲ್ಲಿ ಹಾಗಲ್ಲ. ಗೆರೆಯ ಮೇಲಿನವನೂ ಇಳಿಯುತ್ತಾನೆ, ಕೆಳಗಿನವನೂ ಅದೇ ಲೆಕ್ಕದಲ್ಲಿ ಇಳಿಯುತ್ತಾನೆ, ಯಾರಿಗೂ ನಷ್ಟವಿಲ್ಲ. ಇಬ್ಬರನ್ನೂ ಒಟ್ಟಿಗೆ ಇಳಿಸುವ ಸಂಖ್ಯೆ ಇನ್ನು ಸಿಗದು ಎಂದಾದಾಗ ವ್ಯಾಪಾರ ಮುಗಿಯಿತು. ಎಂಥ ಒಳ್ಳೆಯ ವಿವರಣೆ! ಈಗಿನ ಟೀಚರುಗಳಿಗೆ ಪುಕ್ಕಟೆ ಕೊಡುತ್ತಿದ್ದೇನೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಯಾರಿಗೂ ನಷ್ಟ ಇಲ್ಲ. ಯಾರಿಗೂ ಲಾಭಾನೂ ಇಲ್ಲ. ಹಂಗಾದ್ರೆ ಇಳಿಸೋದ್ಯಾಕೆ?"

ಆರಾಮ ಕುರ್ಚಿ ಅಲುಗಾಡಿತು. "ಹೇಳು ವಿಶಾಲಾಕ್ಷಿ, ಹೇಳು" ಎಂದರು ಮಾವ. ನಗು ತಡೆಯಲು ಪೇಪರನ್ನು ಮುಖದ ಮೇಲೆ ಹಾಕಿಕೊಂಡಿದ್ದರು.

ಹೇಳುವ ಬದಲು ಎದ್ದು ಒಳಗೆ ಹೋಗಿ ನಾಲ್ಕೂವರೆ ರೂಪಾಯಿಯ ಪಟ್ಟಿ ತಂದು ಅವರ ಮಡಿಲಿಗೆ ಹಾಕಿದೆ. "ಇದರಲ್ಲಿ ಇಪ್ಪತ್ತಕ್ಕೆ ಹದಿನೈದು ಪಾಲು ಹಿಡಿದು ತೋರಿಸಿ ನೋಡೋಣ."

ಅತ್ತೆ ಪಟ್ಟಿಯನ್ನು ಉದ್ದಕ್ಕೆ ಅರ್ಧಕ್ಕೆ ಮಡಚಿದರು. ಮತ್ತೆ ಅರ್ಧಕ್ಕೆ. ನಾಲ್ಕಾಯಿತು. ಒಂದೊಂದು ಮಡಿಕೆಯನ್ನೂ ಐದು ಮಾಡಬೇಕು. ಟೆರಿಲಿನ್ ಜಾರುತ್ತದೆ, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಮೂರು ಸಲ ಹೆಣಗಿದರು. ಆಮೇಲೆ ಎಲ್ಲ ಬಿಚ್ಚಿ, ಮತ್ತೆ ನಾಲ್ಕೇ ಮಡಿಕೆ ಮಾಡಿ, ಮೂರನ್ನು ಬೆರಳಲ್ಲಿ ಹಿಡಿದು ಒಂದನ್ನು ಜೋಲು ಬಿಟ್ಟರು. ಅದನ್ನೇ ನೋಡುತ್ತ ಕೂತರು.

"ಓ. ಬಟ್ಟೆ ಅಷ್ಟೇ. ಮಡಿಕೆ ಕಮ್ಮಿ."

"ಅಷ್ಟೇ ಅತ್ತೆ."

"ಇದನ್ನ ಮೊದ್ಲೇ ಹೇಳೋಕೆ ನಿನಗೆ ಎಂತ ಆಗಿತ್ತು? ಮೇಲಿನವನಂತೆ, ಕೆಳಗಿನವನಂತೆ, ವ್ಯಾಪಾರ ಅಂತೆ!"

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರು ಇರಲಿಲ್ಲ. ಕುಂಬಳಕಾಯಿ ಹೋಳು, ಮಾವನವರ ಕಾಫಿ, ಬಾವಿಯ ನೀರು, ಎಲ್ಲದಕ್ಕೂ ಬಿಂದು ಇಟ್ಟು ಇಳಿಸಿದ್ದೇ ಇಳಿಸಿದ್ದು. "ಕಾಫಿ ಪಾಯಿಂಟ್ ಐದು ಲೋಟ ಕೊಡ್ಲಾ?" ಎಂದು ಕೇಳಿದರೆ ಮಾವ, "ಸುಲಭ ರೂಪದಲ್ಲಿ ಹೇಳು, ಆಮೇಲೆ ಕುಡೀತೀನಿ" ಎನ್ನುತ್ತಿದ್ದರು.

ಖಾಸಗಿಯವರಿಗೆ ಆ ಸಲ ಪರೀಕ್ಷೆ ತೀರ್ಥಹಳ್ಳಿಯಲ್ಲಿ. ಮೇಳಿಗೆಯ ನನ್ನ ತವರಿನಲ್ಲಿ ಉಳಿದು ಬೆಳಗಿನ ಬಸ್ಸಿಗೆ ಹೋದೆವು. ಅತ್ತೆ ನೀಲಿ ಟೆರಿಲಿನ್ ರವಿಕೆ ತೊಟ್ಟಿದ್ದರು. ಪೆನ್ನು, ಹಾಲ್ ಟಿಕೆಟ್ಟುಗಳನ್ನು ಪಟ್ಟಿಯಲ್ಲಿ ಸುತ್ತಿಕೊಂಡಿದ್ದರು. ಗೇಟಿನ ಒಳಗೆ ಹೋಗುವಾಗ ಅವರ ಸುತ್ತ ಮೊಣಕಾಲೆತ್ತರದ ಹುಡುಗಿಯರು. ನಡುವೆ ಇವರೊಬ್ಬರೇ ಬಾಳೆಗಿಡದ ಹಾಗೆ. ತಿರುಗಿ ನೋಡಲಿಲ್ಲ.

ನಾನು ಹೊರಗೆ ಮರದ ನೆರಳಿನಲ್ಲಿ ಸೌತೆಕಾಯಿ ಮಾರುವವಳ ಹತ್ತಿರ ಕೂತು ಬೆಲೆ ಇಳಿಸತೊಡಗಿದೆ. ಗಂಟೆ ಹೊಡೆಯಿತು. ಮಕ್ಕಳೆಲ್ಲ ಹೊರಗೆ ಬಂದರು. ಅತ್ತೆ ಇಲ್ಲ. ಮೈದಾನ ಖಾಲಿಯಾಯಿತು. ಅತ್ತೆ ಇಲ್ಲ. ಸೌತೆಕಾಯಿಯವಳು, "ಆಯ್ತು ಮಾರಾಯ್ತಿ, ನೀವು ಹೇಳಿದ್ದಕ್ಕೇ ತಗೊಳಿ" ಎಂದಳು. ನಾನು ಅಷ್ಟಕ್ಕೂ ತೆಗೆದುಕೊಳ್ಳದೆ ಎದ್ದುಹೋದೆ. ಗೆದ್ದ ಚೌಕಾಸಿಯನ್ನು ಬಿಟ್ಟು ಎದ್ದದ್ದು ಅದೊಂದೇ ಸಲ.

ಅತ್ತೆ ಮೆಟ್ಟಿಲು ಇಳಿದು ಬರುತ್ತಿದ್ದರು. ಮುಖ ಕೆಂಪು. ಕೈಯಲ್ಲಿ ಪಟ್ಟಿ.

"ಎಂತ ಆಯ್ತು ಅತ್ತೆ?"

"ಕಾಪಿ ಹೊಡೆದೆ ಅಂತ ಹಿಡಿದ್ರು ಕಣೆ."

ಅವರ ತೋಳು ಹಿಡಿದು ನೆರಳಿಗೆ ಎಳೆದೆ.

ನಡೆದದ್ದು ಇಷ್ಟು. ಪ್ರಶ್ನೆ ಬಂದದ್ದು 0.375. ಅತ್ತೆ ಕೆಳಗೆ ಸಾವಿರ ಇಟ್ಟಿದ್ದಾರೆ. ಐದರಿಂದ ಇಳಿಸಿದ್ದಾರೆ, ಮತ್ತೆ ಐದರಿಂದ, ಮತ್ತೂ ಐದರಿಂದ. ಎಂಟಕ್ಕೆ ಮೂರು ಬಂದಿದೆ. ಬಂದದ್ದು ಸರಿಯೋ ಎಂದು ನೋಡಲು ಪಟ್ಟಿಯನ್ನು ಮೇಜಿನ ಕೆಳಗೆ ಎಂಟು ಮಡಿಕೆ ಮಾಡಿ ಮೂರನ್ನು ಹಿಡಿದಿದ್ದಾರೆ. ಮೇಲ್ವಿಚಾರಕರು ಅದನ್ನು ಕಂಡಿದ್ದಾರೆ.

"'ಏನ್ರೀ ಅದು, ಮೇಜಿನ ಕೆಳಗೆ ಚೀಟಿ?' ಅಂದ್ರು. 'ಚೀಟಿ ಅಲ್ಲ ಸ್ವಾಮಿ, ಮಡಿಕೆ' ಅಂದೆ. 'ಮಡಿಕೆ ಒಳಗೆ ಎಂತ ಇದೆ?' ಅಂದ್ರು. 'ಮೂರಿದೆ, ಹೊರಗೆ ಐದಿದೆ' ಅಂದೆ. ಅವರಿಗೆ ತಲೆ ಕೆಟ್ಟುಹೋಯ್ತು. ಬೆಳಕಿಗೆ ಹಿಡಿದು ನೋಡಿದ್ರು, ತಿರುಗಿಸಿ ನೋಡಿದ್ರು. ಒಂದಕ್ಷರ ಇಲ್ಲ. ಆದ್ರೂ ಕಸ್ಕೊಂಡು ಇಟ್ಕೊಂಡ್ರು. ಕೊನೆಗೆ ಹೆಡ್‌ಮಾಸ್ತರರಿಗೆ ತೋರಿಸಿ ವಾಪಸ್ ಕೊಟ್ರು."

"ಮತ್ತೆ ಉಳಿದ ಲೆಕ್ಕ?"

"ಪಟ್ಟಿ ಇಲ್ದೇ ಮಾಡಿದೆ." ಸ್ವಲ್ಪ ನಡೆದು, ನಿಂತು, ಹೇಳಿದರು. "ಕೈಲಿ ಇಲ್ದಿದ್ರೂ ಮಡಿಕೆ ಕಾಣ್ತಿತ್ತು."

ಫಲಿತಾಂಶ ಬಂದ ದಿನ ಅತ್ತೆ ಅಂಕಪಟ್ಟಿಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಮಾವನೂ ನಾನೂ ಹಿಂದೆಯೇ ಹೋಗಿ ನಿಂತೆವು.

"ಲೆಕ್ಕ, ನೂರಕ್ಕೆ ಮೂವತ್ತಾರು."

ಪಾಸಾಗಲು ಬೇಕಿದ್ದಕ್ಕಿಂತ ಒಂದು ಹೆಚ್ಚು! ನಾನು ಕೂಗಿಕೊಂಡೆ. ಅತ್ತೆಯ ತುಟಿ ಮಾತ್ರ ಇನ್ನೂ ಆಡುತ್ತಿತ್ತು. "ಇರು… ನಾಕರಿಂದ ಇಳಿಯುತ್ತೆ. ಇಪ್ಪತ್ತೈದಕ್ಕೆ ಒಂಬತ್ತು. ಇನ್ನು ಇಳಿಯಲ್ಲ."

ಮಾವನವರಿಗೆ ಸಂತೋಷ ತೋರಿಸುವ ದಾರಿ ಒಂದೇ, ಕೆಣಕುವುದು. "ಮೂವತ್ತಾರೇ ಕಮ್ಮಿ ಇತ್ತು. ಅದನ್ನೂ ಇಳಿಸಿ ಒಂಬತ್ತು ಮಾಡ್ಕೊಂಡ್ಯಲ್ಲೆ!"

"ಕಮ್ಮಿ ಕಾಣುತ್ತೆ ಅಷ್ಟೇ" ಎಂದರು ಅತ್ತೆ. "ಕಮ್ಮಿ ಅಲ್ಲ."

ಆಮೇಲೆ ಒಳಗೆ ಹೋಗಿ ಪಟ್ಟಿಯನ್ನು ತಂದು, ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. "ತಗೊ, ನಿನ್ನ ದುಡ್ಡಿನ ಮಾಲು." ಮುಂದಿನ ಸೋಮವಾರ ಮಹಿಳಾ ಸಮಾಜಕ್ಕೆ ಹೊರಟಾಗ ಅದೇ ನೀಲಿ ರವಿಕೆ ತೊಟ್ಟಿದ್ದರು. ರಸ್ತೆಯಲ್ಲಿ ಯಾರೋ ಹುಡುಗಿ "ಟೀಚರೇ" ಎಂದು ಕರೆದಳು. ಹಿಂದೆಯೂ ಕರೆಯುತ್ತಿದ್ದರು, ಅತ್ತೆ ಅಂದು ಮೊದಲ ಸಲ ಪೂರ್ತಿ ತಿರುಗಿ ನಿಂತು "ಎಂತ?" ಎಂದರು.

ಈಗ ನಿಮಗೆ ನನ್ನ ನಾಲ್ಕು ಮಾತು. ಬೇಡ ಎಂದರೂ ಹೇಳುವುದು ನನ್ನ ಸ್ವಭಾವ. ಅಂಗಡಿಯ ತಕ್ಕಡಿಯ ಮೇಲೆ ಕೆಂಪು ಅಕ್ಷರದಲ್ಲಿ 0.375 ಎಂದು ಬಂದರೆ ಗಾಬರಿಯಾಗಬೇಡಿ. ಬಿಂದುವಿನ ಈಚೆ ಎಷ್ಟು ಅಂಕಿ ಇವೆಯೋ ಕೆಳಗೆ ಅಷ್ಟು ಸೊನ್ನೆ ಹಾಕಿ, ಮುಂದೆ ಒಂದು ಇಡಿ. ಆಮೇಲೆ ಎರಡರಿಂದಲೋ ಐದರಿಂದಲೋ ಮೇಲೆ ಕೆಳಗೆ ಒಟ್ಟಿಗೆ ಇಳಿಸಿ. ಈ ಹತ್ತರ ಸಂಸಾರದಲ್ಲಿ ಇಳಿಸುವವರು ಅವರಿಬ್ಬರೇ, ಮೂರು ಏಳುಗಳ ಹತ್ತಿರ ಸುಮ್ಮನೆ ಹೊತ್ತು ಕಳೆಯಬೇಡಿ. ಎಂಟಕ್ಕೆ ಮೂರು ಬಂದಾಗ ಕಾಲು ಕಿಲೋ, ಮೇಲೆ ಅದರ ಅರ್ಧ ಎಂದು ತಿಳಿಯುತ್ತದೆ. ಬೆಲೆ ಬಾಯಲ್ಲೇ ಬರುತ್ತದೆ. ಲೆಕ್ಕದಲ್ಲಿ ಪೂರ್ತಿ ಇಳಿಸಿ. ಅಂಗಡಿಯಲ್ಲಿ ಕೊನೆಯ ನಾಲ್ಕಾಣೆ ಬಿಟ್ಟುಬಿಡಿ. ಮುಂದಿನ ಸಲ ಒಳ್ಳೆಯ ತುಂಡನ್ನು ನಿಮಗಾಗಿ ತೆಗೆದಿಟ್ಟಿರುತ್ತಾರೆ. ಇದನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಮತ್ತೊಂದು. ಮನೆಯಲ್ಲಿ ಯಾರಾದರೂ, ಅತ್ತೆಯೋ ಸೊಸೆಯೋ, ಲೆಕ್ಕ ತಪ್ಪಿ ಮಾತಾಡುತ್ತಿದ್ದಾರೆ ಅನ್ನಿಸಿದರೆ, ತಪ್ಪು ಎಂದು ಬಾಯಿ ಬಿಡುವ ಮೊದಲು, "ಕೆಳಗೆ ಎಷ್ಟು ಇಟ್ಕೊಂಡಿದೀರಿ?" ಎಂದು ಒಂದು ಮಾತು ಕೇಳಿ. ನೀವು ನೂರು ಇಟ್ಟುಕೊಂಡಿರುತ್ತೀರಿ, ಅವರು ಹದಿನಾರು. ಕೇಳುವುದು ಪುಕ್ಕಟೆ. ಕೇಳದಿದ್ದರೆ ನಾಲ್ಕೂವರೆ ರೂಪಾಯಿ ಬೀಳುತ್ತದೆ.